ರಾಯಭಾರಿಗಳು ನಮ್ಮ ಜಿಲ್ಲೆಗಳಿಗೂ ಬರಲಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ಕೋರಿಕೆ ಒಂದೇ. ವಿದೇಶಾಂಗ ಸೇವೆ, ದೇಶದ ಭದ್ರತೆ, ಅಂತರರಾಷ್ಟ್ರೀಯ ಸಂಸ್ಥೆಗಳು, ಇವುಗಳಲ್ಲಿ ಕೆಲಸ ಮಾಡಿದವರೇ ಬಂದು ಮಕ್ಕಳ ಜೊತೆ ಕೂತು ಮಾತಾಡುವ ಸಂವಾದಗಳು ರಾಜ್ಯದ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಆಗಬೇಕು. ಕನ್ನಡದಲ್ಲಿ ಆಗಬೇಕು.

ಬೆಂಗಳೂರಿನಲ್ಲಿ ಇಂಥ ಮಾತುಕತೆಗೆ ಕೊರತೆ ಇಲ್ಲ. ಅಲ್ಲಿ ನಿಯಾಸ್, ತಕ್ಷಶಿಲಾದಂಥ ಅಧ್ಯಯನ ಸಂಸ್ಥೆಗಳಿವೆ. ಮಣಿಪಾಲದಲ್ಲಿ ಭೂರಾಜಕೀಯಕ್ಕೇ ಒಂದು ವಿಭಾಗ ಇದೆ. ಸಂತೋಷ. ಆದರೆ ಕಲಬುರಗಿ, ಬಳ್ಳಾರಿ, ವಿಜಯಪುರ, ತುಮಕೂರಿನ ಹುಡುಗ ಹುಡುಗಿಯರ ಕಿವಿಗೆ ಈ ಮಾತು ಬೀಳುವುದು ಅಪರೂಪ. ನಮ್ಮ ಬಿ.ಎ. ಮಕ್ಕಳಿಗೆ ಗೊತ್ತಿರುವುದು ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ. ಸ್ವಲ್ಪ ಧೈರ್ಯ ಇದ್ದವರು ಐಎಎಸ್, ಐಪಿಎಸ್ ಅಂತಾರೆ. ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಅಂದರೆ ಅರಣ್ಯ ಇಲಾಖೆ ಅಲ್ವಾ ಅಂತ ಕೇಳುವವರೇ ಜಾಸ್ತಿ. ಅದು ಮಕ್ಕಳ ತಪ್ಪಲ್ಲ, ಯಾರೂ ಬಂದು ಹೇಳಿಲ್ಲ.

ವಿದೇಶಾಂಗ ಸೇವೆಯ ಕೆಲಸ ನಮ್ಮ ಜನರಿಗೆ ಎಷ್ಟು ಹತ್ತಿರದ್ದು ಅನ್ನುವುದು ನಿಮಗೆ ಗೊತ್ತೇ ಇದೆ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಆ ಮಗುವಿನ ದೇಹ ಊರು ಸೇರಲು ಸುಮಾರು ಮೂರು ವಾರ ಬೇಕಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲೇ ಸಿಕ್ಕಿಹಾಕಿಕೊಂಡರು. ಪೋರ್ಟ್ ಸುಡಾನಿನಿಂದ ಜೆಡ್ಡಾಗೆ ಹಡಗು, ವಿಮಾನ ಓಡಿಸಿ ಜನರನ್ನು ಕರೆತಂದ ಆ ಕಾರ್ಯಾಚರಣೆಯ ಹೆಸರು ‘ಕಾವೇರಿ’. ಇಂಥ ಹೊತ್ತಿನಲ್ಲಿ ಫೋನ್ ಎತ್ತುವವರು, ಪಟ್ಟಿ ಮಾಡುವವರು, ಬಸ್ಸು ಹೊಂದಿಸುವವರು, ಗಡಿಯಲ್ಲಿ ನಿಂತು ಆ ಕಡೆಯ ಅಧಿಕಾರಿಗಳನ್ನು ಒಪ್ಪಿಸುವವರು ರಾಯಭಾರ ಕಚೇರಿಯ ಸಿಬ್ಬಂದಿ. ಟಿವಿಯಲ್ಲಿ ಕಾಣುವ ಕೈಕುಲುಕುವಿಕೆ ಆ ಕೆಲಸದ ತೀರಾ ಸಣ್ಣ ಭಾಗ.

ಇದನ್ನು ಮಕ್ಕಳು ಅರ್ಥ ಮಾಡಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಒಮ್ಮೆ ನಿವೃತ್ತ ವಿದೇಶಾಂಗ ಅಧಿಕಾರಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಸ್ವಾಗತ, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಪ್ರಶ್ನೆಗೆ ಉಳಿದದ್ದು ಬಹಳ ಕಡಿಮೆ ಸಮಯ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಸರ್, ನೀವು ಬೆಳಗ್ಗೆ ಆಫೀಸಿಗೆ ಹೋದ ತಕ್ಷಣ ಏನ್ ಕೆಲಸ ಮಾಡ್ತಿದ್ರಿ?’ ಅವರು ಬರೆದು ತಂದಿದ್ದ ಹಾಳೆ ಪಕ್ಕಕ್ಕಿಟ್ಟರು. ಜೈಲಿನಲ್ಲಿರುವ ಭಾರತೀಯರ ಪಟ್ಟಿ ನೋಡುತ್ತಿದ್ದೆ ಅಂದರು. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಕೂಲಿಯವನ ಜೊತೆ ಕೂತು ಅರ್ಜಿ ಬರೆಸಿದ್ದನ್ನು ಹೇಳಿದರು. ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಮಕ್ಕಳೆಲ್ಲ ತಲೆ ಎತ್ತಿದರು. ಆಮೇಲೆ ಪ್ರಶ್ನೆಗಳ ಸುರಿಮಳೆ. ಅಷ್ಟರಲ್ಲಿ ವಂದನಾರ್ಪಣೆಗೆ ಹೊತ್ತಾಯಿತು ಅಂತ ಸಂಘಟಕರು ಮೈಕು ತೆಗೆದುಕೊಂಡರು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ ಸಾರ್, ಕಾರ್ಯಕ್ರಮದ ಅರ್ಧ ಹೊತ್ತು ಮಕ್ಕಳ ಪ್ರಶ್ನೆಗೇ ಮೀಸಲಿರಲಿ. ಪ್ರಶ್ನೆ ಕನ್ನಡದಲ್ಲಿ ಬರಲಿ. ವಿದೇಶಾಂಗ ಸೇವೆಗೆ ಆಯ್ಕೆ ಮಾಡುವ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ಸರ್ಕಾರವೇ ಅರಬ್ಬಿ, ಚೀನಿ, ಸ್ಪ್ಯಾನಿಷ್‌ನಂಥ ಒಂದು ವಿದೇಶಿ ಭಾಷೆ ಕಲಿಸುತ್ತದೆ. ಅದರಲ್ಲಿ ಪಾಸಾಗಲೇಬೇಕು. ಅಂದರೆ ಅಲ್ಲಿಗೆ ಹೋದ ಬಹುತೇಕರು ಅ, ಆ ಇಂದ ಒಂದು ಹೊಸ ಭಾಷೆ ಶುರು ಮಾಡಿದವರೇ. ಇಂಗ್ಲಿಷ್ ಬೇಕು, ಇಲ್ಲ ಅನ್ನಲ್ಲ. ಆದರೆ ಇಂಗ್ಲಿಷ್ ಭಯಕ್ಕೆ ಹತ್ತೊಂಬತ್ತರ ವಯಸ್ಸಲ್ಲೇ ಬಾಗಿಲು ಮುಚ್ಚಿಕೊಳ್ಳಬೇಕಾಗಿಲ್ಲ ಅಂತ ಅನುಭವಸ್ಥರ ಬಾಯಲ್ಲಿ ಕೇಳಿದರೆ ಮಕ್ಕಳು ನಂಬುತ್ತಾರೆ.

ಐಎಫ್‌ಎಸ್ ಸೀಟುಗಳು ತೀರಾ ಕಡಿಮೆ. ಹಾಗಾಗಿ ಸಂವಾದ ಅದೊಂದಕ್ಕೇ ನಿಲ್ಲಬಾರದು. ಪದವೀಧರರಿಗಾಗಿ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯಿಂದಲೇ ವಿದೇಶಾಂಗ ಸಚಿವಾಲಯಕ್ಕೆ ಸಹಾಯಕ ವಿಭಾಗಾಧಿಕಾರಿಗಳನ್ನು ತೆಗೆದುಕೊಳ್ಳುತ್ತಾರೆ, ಅವರಿಗೂ ಹೊರದೇಶದ ಪೋಸ್ಟಿಂಗ್ ಸಿಗುತ್ತದೆ. ಇದನ್ನು ಎಷ್ಟು ಪದವಿ ವಿದ್ಯಾರ್ಥಿಗಳಿಗೆ ಹೇಳಿದ್ದೇವೆ? ಗುಪ್ತಚರ ವಿಭಾಗ, ಕರಾವಳಿ ಕಾವಲು ಪಡೆ, ದುಭಾಷಿಗಳ ಹುದ್ದೆ, ಭಾರತೀಯ ವ್ಯಾಪಾರ ಸೇವೆ, ವಿಶ್ವಸಂಸ್ಥೆಯ ಹುದ್ದೆಗಳು, ಎಲ್ಲವೂ ಮಾತಿಗೆ ಬರಲಿ.

ಭದ್ರತೆಯ ಪಾಠಕ್ಕೆ ನಮ್ಮ ರಾಜ್ಯದಲ್ಲೇ ಎಷ್ಟು ಸರಕಿದೆ ನೋಡಿ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲವನ್ನು ತುರ್ತು ಹೊತ್ತಿಗೆ ಅಂತ ತುಂಬಿಡುವಷ್ಟು ಜಾಗ ಮಾಡಿದ್ದಾರೆ. ಮಂಗಳೂರಿನ ಆ ಗುಹೆಗೆ 2018ರಲ್ಲಿ ಒಪ್ಪಂದದಂತೆ ಅಬುಧಾಬಿಯ ಕಂಪನಿಯ ತೈಲ ಬಂತು. ಆ ಒಪ್ಪಂದದ ಹಿಂದೆ ಎಷ್ಟು ದಿನದ ಮಾತುಕತೆ ಇರಬೇಕು! ಮಂಗಳೂರು ವಿಶ್ವವಿದ್ಯಾಲಯದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದು ಬೇಕಾ? ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಶಿವಮೊಗ್ಗದಲ್ಲೇ ಇದೆ. ಕುವೆಂಪು ವಿಶ್ವವಿದ್ಯಾಲಯ ಅವರ ಜೊತೆ ಕೈಜೋಡಿಸಿದರೆ ದೂರದಿಂದ ಯಾರನ್ನೂ ಕರೆಸಬೇಕಾಗಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಭದ್ರತೆ ಅಂದ ತಕ್ಷಣ ಸಭೆಗಳು ಘೋಷಣೆಗೆ ತಿರುಗುತ್ತವೆ, ಇಲ್ಲವೇ ವಿವಾದದ ಭಯಕ್ಕೆ ಪ್ರಾಂಶುಪಾಲರು ಅನುಮತಿಯನ್ನೇ ಕೊಡುವುದಿಲ್ಲ. ನಿಮ್ಮ ಸುತ್ತೋಲೆಯಲ್ಲೇ ಬರೆಯಿರಿ: ಸರ್ಕಾರದ ವಿದೇಶಾಂಗ ನೀತಿಯನ್ನು ಪ್ರಶ್ನಿಸುವ ಮಾತಿಗೂ ಇಲ್ಲಿ ಜಾಗ ಇದೆ ಅಂತ. ಎದುರು ಕೂತವರ ವಾದ ಕೇಳಿಸಿಕೊಳ್ಳಲು ಬರದಿದ್ದರೆ ರಾಜತಾಂತ್ರಿಕ ಕೆಲಸ ಮಾಡುವುದಾದರೂ ಹೇಗೆ?

ನಮ್ಮ ಹೆಣ್ಣುಮಕ್ಕಳಿಗೆ ಸಿ.ಬಿ. ಮುತ್ತಮ್ಮ ಅವರ ಬಗ್ಗೆ ತಪ್ಪದೆ ಹೇಳಬೇಕು. ಕೊಡಗಿನ ವಿರಾಜಪೇಟೆಯವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು, ಆ ಸೇವೆಗೆ ಬಂದ ಮೊದಲ ಮಹಿಳೆ. ಮದುವೆಯಾಗಬೇಕಾದರೆ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಅನ್ನುವ ನಿಯಮ ಆಗ ಇತ್ತು. ಬಡ್ತಿಯಲ್ಲೂ ಅನ್ಯಾಯ ಆದಾಗ ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೊಟ್ಟ ತೀರ್ಪು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು. ನಮ್ಮ ನಾಡಿನ ಹೆಣ್ಣುಮಗಳೊಬ್ಬಳು ತೆರೆದ ದಾರಿ ಇದು. ಅದನ್ನು ನಮ್ಮ ಮಕ್ಕಳೇ ತಿಳಿಯದಿದ್ದರೆ ಹೇಗೆ?

ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ವಿದೇಶಾಂಗ ಸಚಿವಾಲಯವೇ ನಿವೃತ್ತ ರಾಯಭಾರಿಗಳನ್ನು ವಿಶ್ವವಿದ್ಯಾಲಯಗಳಿಗೆ ಉಪನ್ಯಾಸಕ್ಕೆ ಕಳಿಸುವ ಕಾರ್ಯಕ್ರಮ ನಡೆಸುತ್ತದೆ. ನಿಮ್ಮ ಇಲಾಖೆ ಒಂದು ಪತ್ರ ಬರೆದು ನಮ್ಮ ಜಿಲ್ಲೆಗಳ ಹೆಸರು ಕೊಟ್ಟರೆ ಕೆಲಸ ಶುರುವಾಗುತ್ತದೆ. ಪ್ರತಿ ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕರಿಗೆ ಇದರ ಹೊಣೆ ಕೊಡಿ. ಭಾಷಣ ಮುಗಿದ ಮೇಲೆ ಆಸಕ್ತಿ ತೋರಿದ ಮಕ್ಕಳ ಹೆಸರು ಬರೆದುಕೊಂಡು, ಅರ್ಜಿ ಹಾಕಿಸುವವರೆಗೆ ಅವರ ಜೊತೆ ಇರುವವರು ಒಬ್ಬರು ಬೇಕು. ಸಂಜೆ ಹೊತ್ತು ಒಂದು ವಿದೇಶಿ ಭಾಷೆಯ ತರಗತಿ ಶುರು ಮಾಡಿಸಿದರೆ ಇನ್ನೂ ಒಳ್ಳೆಯದು.

ಈ ಶೈಕ್ಷಣಿಕ ವರ್ಷದಲ್ಲೇ ಒಂದು ಸುತ್ತೋಲೆ ಹೊರಡಿಸಿ ಸಾರ್. ನಮ್ಮ ಕಾಲೇಜಿನಲ್ಲಿ ಸಭಾಂಗಣ ಇದೆ, ಕೇಳಲು ಮಕ್ಕಳಿದ್ದಾರೆ. ಮೊದಲ ಸಂವಾದ ನಡೆಸಲು ನಾವು ತಯಾರಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ಪದವಿ ಕಾಲೇಜಿನ ಒಬ್ಬ ರಾಜ್ಯಶಾಸ್ತ್ರ ಅಧ್ಯಾಪಕ