ಜೈಲಿನ ತರಗತಿ: ಚಿಕ್ಕಪ್ಪನಿಗೊಂದು ಪತ್ರ

ಚಿಕ್ಕಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ, ಚಿಕ್ಕಮ್ಮನಿಗೂ ಹೇಳಿ. ಜೈಲಿನಲ್ಲಿ ಜೀವನ ಕೌಶಲದ ತರಗತಿ ತಗೊಳ್ಳಲು ಹೊರಟಿದ್ದೀರಂತೆ. ಪಾಠ ಆಮೇಲೆ, ಮೊದಲು ಹಾಜರಿ ಪಟ್ಟಿ ನೋಡಿ. ಲೆಕ್ಕ ತೋರಿಸಲು ಯಾರನ್ನೋ ಎಬ್ಬಿಸಿ ಕಳಿಸಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ಬರುವವರು ತಾವಾಗಿ ಹೆಸರು ಕೊಟ್ಟಿರಬೇಕು, ಬೇಡವೆನಿಸಿದರೆ ಎದ್ದು ಹೋಗುವಂತಿರಬೇಕು. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನ್ ಹೇವನ್ ಜೈಲಿನಲ್ಲಿ ಕೈದಿಗಳೂ ಕ್ವೇಕರ್ ಎಂಬ ಶಾಂತಿಪ್ರಿಯ ಕ್ರೈಸ್ತ ಪಂಥದವರೂ ಸೇರಿ ಶುರುಮಾಡಿದ ‘ಆಲ್ಟರ್ನೇಟಿವ್ಸ್ ಟು ವಯಲೆನ್ಸ್’ (ಹಿಂಸೆಗೆ ಬದಲಿ ದಾರಿ) ಶಿಬಿರಗಳದ್ದೂ ಇದೇ ಕಟ್ಟಳೆ. ಅಲ್ಲಿ ಮೂರು ಹಂತ. ಕೊನೆಯದರಲ್ಲಿ ಕಲಿತ ಕೈದಿಯೇ ಕಲಿಸುವವನಾಗಿ ತಯಾರಾಗುತ್ತಾನೆ. ನನ್ನ ಕೇಳಿದರೆ ಜೀವ ಇರುವುದು ಅದರಲ್ಲೇ.

ಹನ್ನೆರಡರಿಂದ ಹದಿನೈದು ಜನ, ಹೇಳಿಕೊಡಲು ಇಬ್ಬರು ಸಾಕು. ಕುರ್ಚಿ ದುಂಡಗೆ ಹಾಕಿಸಿ, ನಡುವೆ ಮೇಜು ಬೇಡ. ಪೆನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ತಗೊಳ್ಳಿ. ಒಂದು ಕಮ್ಮಿಯಾದರೂ ಎಲ್ಲರಿಗೂ ತಪಾಸಣೆ. ಸುರುಳಿ ತಂತಿಯ ನೋಟ್‌ಬುಕ್, ಸ್ಟೇಪ್ಲರ್ ಪಿನ್ನು ತರಲೇಬೇಡಿ. ಎರಡು ಗಂಟೆ ಅಂತ ಕೊಟ್ಟದ್ದು ಬೀಗ, ತಲೆ ಎಣಿಕೆ ಎಲ್ಲ ಕಳೆದು ಒಂದೂಕಾಲಕ್ಕೆ ಇಳಿದೀತು. ಕೋರ್ಟು, ವರ್ಗಾವಣೆ, ಬಿಡುಗಡೆ ಅಂತ ಜನ ನಡುವೆಯೇ ಇಲ್ಲವಾಗುತ್ತಾರೆ. ಹಾಗಾಗಿ ಒಂದು ದಿನದ ಪಾಠ ಆವತ್ತೇ ಮುಗಿಯಲಿ.

ಹಾಳೆ ಹಂಚಿದಾಗ ಯಾರಾದರೂ “ಕನ್ನಡಕ ತಂದಿಲ್ಲ” ಎಂದರೆ ಒತ್ತಾಯಿಸಬೇಡಿ. ಎಷ್ಟೋ ಸಲ ಅದರರ್ಥ ಓದು ಬರುವುದಿಲ್ಲ ಅಂತ. ಬಾಯಲ್ಲೇ ಹೇಳಿಸಿ.

ಕೆಲಸ ಕೇಳುವ ಅಭ್ಯಾಸಕ್ಕೆ ಮಾತ್ರ ಎರಡು ದಿನ ಇಡಿ. ಒಬ್ಬ ಮಾಲೀಕ, ಒಬ್ಬ ಅಭ್ಯರ್ಥಿ. “ಇಷ್ಟು ವರ್ಷ ಎಲ್ಲಿದ್ದೆ?” ಎಂದ ಕೂಡಲೇ ಒಬ್ಬ ಸುಳ್ಳು ಹೆಣೆಯುತ್ತಾನೆ, ಇನ್ನೊಬ್ಬ ಇಡೀ ಕೇಸು ಬಿಚ್ಚಿಡುತ್ತಾನೆ. ಎರಡೂ ಕೆಲಸ ಕೆಡಿಸುವ ದಾರಿಗಳೇ. ಮೂರೇ ವಾಕ್ಯ ಕಲಿಸಿ: ಶಿಕ್ಷೆಯಾಗಿತ್ತು, ಒಳಗಿದ್ದಾಗ ಇಂಥದ್ದು ಕಲಿತೆ, ಈ ಕೆಲಸ ಹೀಗೆ ಮಾಡಬಲ್ಲೆ. ದನಿ ನಡುಗದಷ್ಟು ಸಲ ಹೇಳಿಸಿ. ಮಾಲೀಕನ ಪಾತ್ರವನ್ನೂ ಅವರಿಗೇ ಕೊಡಿ, ನಿಮಗಿಂತ ಬಿಗಿಯಾಗಿ ಕೇಳುತ್ತಾರೆ! ಜಗಳದ ಸನ್ನಿವೇಶವಾದರೆ ಅವರ ಸ್ವಂತ ಕೇಸು ಆಡಿಸಬೇಡಿ. ಸರದಿ ಸಾಲಲ್ಲಿ ನುಗ್ಗಿದವನ ಜಗಳ ಸಾಕು.

ಏನು ಅಪರಾಧ ಅಂತ ನೀವಾಗಿ ಕೇಳಬೇಡಿ. ನಾಲ್ಕನೇ ವಾರದ ಹೊತ್ತಿಗೆ ಸಲಿಗೆಯಾಗಿ “ಈ ಚೀಟಿ ಮನೆಗೆ ಮುಟ್ಟಿಸಿ ಸಾರ್” ಎನ್ನುವವರು ಸಿಗುತ್ತಾರೆ. ಒಂದೇ ಒಂದು ಒಯ್ದರೂ ನಿಮ್ಮ ಪಾಸು ಹೋಗುತ್ತದೆ, ಉಳಿದವರ ತರಗತಿಯೂ ನಿಲ್ಲುತ್ತದೆ. ಆಗುವುದಿಲ್ಲ ಅಂತ ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ.

ಇಂತಿ ನಿಮ್ಮ,
ಪುಟ್ಟಿ