ರಘುವಿಗೆ, ನಾರ್ತ್ ಬೆರಿಕ್‌ಗೆ ಹೊರಡುವ ಮುಂಚೆ

ಪ್ರೀತಿಯ ರಘು,

ಆಡಬೇಕು ಅಂತ ನೀನು ಕಳಿಸಿದ ಗಾಲ್ಫ್ ಕೋರ್ಸುಗಳ ಪಟ್ಟಿ ನೋಡಿದೆ. ಫೋಟೋ ನೋಡಿ ಆರಿಸಿದ್ದೀಯ ಅಂತ ಮೊದಲ ಹೆಸರಿಗೇ ಗೊತ್ತಾಯಿತು. ಬಂಡೆಯ ಅಂಚಿನಲ್ಲಿ ಗ್ರೀನು (ಗುಳಿಯೂ ಧ್ವಜವೂ ಇರುವ ನುಣುಪು ಹುಲ್ಲಿನ ಜಾಗ), ಕೆಳಗೆ ನೊರೆ, ಆಚೆ ಸೂರ್ಯಾಸ್ತ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಕಡಲು ಕಂಡ ಮಾತ್ರಕ್ಕೆ ಲಿಂಕ್ಸ್ ಆಗುವುದಿಲ್ಲ ಕಣೋ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಲೋಕದ ಅತ್ಯಂತ ಸುಂದರ ಕೋರ್ಸುಗಳಲ್ಲೊಂದು, ಆದರೂ ಅದು ಬಂಡೆಯ ಮೇಲಿನ ಕೋರ್ಸು, ಲಿಂಕ್ಸ್ ಅಲ್ಲ. ಲಿಂಕ್ಸ್ ಅಂದರೆ ಕಾಲ ಕೆಳಗೆ ಮರಳಿರಬೇಕು. ಕಡಲು ಬಿಟ್ಟುಹೋದ, ಗಾಳಿ ಗುಡ್ಡೆ ಹಾಕಿದ ಮರಳು. ಉಳುಮೆಗೆ ಬಾರದ ನೆಲ, ಅದಕ್ಕೇ ಕುರಿಗೂ ಮೊಲಕ್ಕೂ ಗಾಲ್ಫಿಗೂ ಉಳಿದದ್ದು.

ಪಟ್ಟಿ ಹರಿದು ಹಾಕು. ಒಂದೇ ಊರಿಗೆ ಹೋಗು: ಸ್ಕಾಟ್ಲೆಂಡಿನ ನಾರ್ತ್ ಬೆರಿಕ್. ಎಡಿನ್‌ಬರೋದ ವೇವರ್ಲಿ ಸ್ಟೇಷನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ, ಇಳಿದು ನಡೆದರೆ ಕೋರ್ಸು. ಅಲ್ಲಿ ಮೂರು ದಿನ ಇದ್ದು ಒಂದೇ ಕೋರ್ಸನ್ನು ಮೂರು ಸಲ ಆಡು. ದಿನಕ್ಕೊಂದು ಹೊಸ ಕೋರ್ಸು ಆಡಿ ಫೋಟೋ ತುಂಬಿಕೊಂಡು ಬರುವವರಿಗೆ ಅಲ್ಲಿನ ನೆಲ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ.

ಈ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ, ನಿನ್ನ ಹಾಗೇ ಕೇಳುವವರು ಇನ್ನೂ ಇದ್ದಾರೆ ಅಂತ. ಹೆದರಬೇಡ, ಹಲಸಿನ ಮರದ ಸುದ್ದಿ ಎತ್ತುವುದಿಲ್ಲ. ಮಾತು ಕೊಟ್ಟಿದ್ದೇನೆ.

ಮೊದಲು ನಿನ್ನ ಲೆಕ್ಕ ಸರಿಮಾಡೋಣ. ನಿನ್ನ ಸೆವೆನ್ ಐರನ್ ಕ್ಲಬ್ಬಿನಲ್ಲಿ (ಕ್ಲಬ್ಬು ಅಂದರೆ ಚೆಂಡು ಹೊಡೆಯುವ ಕೋಲು) ಚೆಂಡು 150 ಗಜ ಹೋಗುತ್ತದೆ ಅನ್ನುತ್ತೀಯ. ಅದು ಬೆಂಗಳೂರಿನ 150. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ತೆಳು ಗಾಳಿಯಲ್ಲಿ, 28 ಡಿಗ್ರಿ ಬಿಸಿಲಿನಲ್ಲಿ ಹೊಡೆದದ್ದು. ಕಡಲ ಮಟ್ಟಕ್ಕೆ ಇಳಿದರೆ ಸುಮಾರು ಐದು ಗಜ ಹೋಯಿತು. 13 ಡಿಗ್ರಿ ಚಳಿಗೆ ಇನ್ನೊಂದು ಐದು. ಗಾಳಿಯ ಮಾತು ಎತ್ತುವ ಮೊದಲೇ ಅದು 140ರ ಕ್ಲಬ್ಬು. ನಮ್ಮ ಕಡೆಯಿಂದ ಹೋದವರ ಎರಡನೇ ಹೊಡೆತಗಳೆಲ್ಲ ಗ್ರೀನಿಗೆ ಮುಂಚೆಯೇ ಬೀಳುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. ಜನ ತಮ್ಮ ಸ್ವಿಂಗನ್ನು ಬೈದುಕೊಳ್ಳುತ್ತಾರೆ, ಪಾಪ.

ಇನ್ನು ಗಾಳಿ. ಎದುರುಗಾಳಿ ಕಿತ್ತುಕೊಳ್ಳುವಷ್ಟನ್ನು ಹಿಂದಿನ ಗಾಳಿ ಕೊಡುವುದಿಲ್ಲ. ಒರಟು ಲೆಕ್ಕದಲ್ಲಿ, ಗಂಟೆಗೆ ಒಂದು ಮೈಲಿ ಎದುರುಗಾಳಿಗೆ ನೂರಕ್ಕೆ ಒಂದು ಪಾಲು ದೂರ ಹೋಗುತ್ತದೆ. ಹಿಂದಿನಿಂದ ಬೀಸಿದರೆ ಅದರ ಅರ್ಧದಷ್ಟು ಮಾತ್ರ ಸಿಗುತ್ತದೆ. 20 ಮೈಲಿ ಗಾಳಿ ಅಲ್ಲಿ ಸಾಮಾನ್ಯ ದಿನ. ಅಂದರೆ 150 ಗಜದ ಹೊಡೆತಕ್ಕೆ 180ರ ಕ್ಲಬ್ಬು ಬೇಕು. ಇಲ್ಲಿ ಎಲ್ಲರೂ ಮಾಡುವುದೇನು? ಅದೇ ಕ್ಲಬ್ಬಿನಲ್ಲಿ ಜೋರಾಗಿ ಬೀಸುತ್ತಾರೆ. ಜೋರಾದಷ್ಟೂ ಚೆಂಡಿಗೆ ಹಿಮ್ಮುಖ ತಿರುಗು ಹೆಚ್ಚು, ತಿರುಗು ಹೆಚ್ಚಿದಷ್ಟೂ ಎದುರುಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ಮೇಲೇರಿದ ಚೆಂಡು ಅಲ್ಲೇ ನಿಂತು ನೇರ ಕೆಳಗೆ ಬೀಳುತ್ತದೆ. ನೀನು ಎರಡು ಮೆಟ್ಟಿಲು ಹೆಚ್ಚು ದೂರದ ಕ್ಲಬ್ಬು ತಗೋ, ಮೂರಾದರೂ ಸರಿ. ಹಿಡಿಯನ್ನು ಒಂದಿಂಚು ಕೆಳಗೆ ಹಿಡಿ. ಚೆಂಡನ್ನು ಎಂದಿಗಿಂತ ಒಂದು ಚೆಂಡಿನಷ್ಟು ಬಲಗಾಲ ಕಡೆಗೆ ಇಟ್ಟುಕೋ. ಮುಕ್ಕಾಲು ಸ್ವಿಂಗ್, ಹೊಡೆದ ಮೇಲೆ ಕೈ ಎದೆಯ ಮಟ್ಟಕ್ಕೆ ನಿಲ್ಲಲಿ. ನಿಧಾನ. ಇದನ್ನು ಹೊರಡುವ ಮುಂಚೆ ಒಂದು ತಿಂಗಳು ರೇಂಜಿನಲ್ಲಿ, ಆ ಅಭ್ಯಾಸದ ಮೈದಾನದಲ್ಲಿ, ಅಭ್ಯಾಸ ಮಾಡು, ಬೇರೇನೂ ಮಾಡದಿದ್ದರೂ ನಡೆಯುತ್ತದೆ.

ನೆಲದ ಮಾತಿಗೆ ಬರುತ್ತೇನೆ. ನಾನು ನಿಜವಾಗಿ ಹೇಳಬೇಕಾದದ್ದು ಇದೇ.

ನಮ್ಮ ಕೋರ್ಸುಗಳಲ್ಲಿ ಚೆಂಡು ಬಿದ್ದ ಕ್ಷಣಕ್ಕೆ ಆಟ ಮುಗಿಯುತ್ತದೆ. ಮೆತ್ತನೆ ನೆಲ, ದಪ್ಪ ಬರ್ಮುಡಾ ಹುಲ್ಲು, ಬಿದ್ದಲ್ಲಿ ಕೂರುತ್ತದೆ. ಅಲ್ಲಿ ಚೆಂಡು ಬಿದ್ದ ಮೇಲೆ ಆಟ ಶುರು. ಮಳೆ ಬಂದರೂ ಮರಳು ನೀರನ್ನು ಇಂಗಿಸಿಕೊಳ್ಳುತ್ತದೆ. ಸಾರವಿಲ್ಲದ ನೆಲವಾದ್ದರಿಂದ ಸೂಜಿಯಂಥ ಫೆಸ್ಕ್ಯೂ ಹುಲ್ಲು ಮಾತ್ರ ತಾಳುತ್ತದೆ. ಬೇಸಿಗೆಯಲ್ಲಿ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಸತ್ತಿದೆ ಅಂದುಕೊಳ್ಳಬೇಡ, ನಿದ್ದೆಯಲ್ಲಿದೆ, ಆಗಲೇ ಕೋರ್ಸು ಅತ್ಯುತ್ತಮ. ಡ್ರೈವ್, ಅಂದರೆ ಉದ್ದದ ಮೊದಲ ಹೊಡೆತ, ಬಿದ್ದ ಮೇಲೆ ಇನ್ನೂ ನಲವತ್ತು ಐವತ್ತು ಗಜ ಉರುಳುತ್ತದೆ. ಕಣ್ಣಿಗೆ ಕಾಣದ ಇಳಿಜಾರು ಅದನ್ನು ಎತ್ತಲೋ ಒಯ್ಯುತ್ತದೆ. ಚಿಕ್ಕವರಿದ್ದಾಗ ಗೋಲಿ ಬಿಡುವ ಮುಂಚೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದೆವಲ್ಲ, ಆ ಕಣ್ಣು ಮತ್ತೆ ಬೇಕು.

ಹಾಗಾಗಿ ಗ್ರೀನಿನ ಮೇಲೆ ಗುರಿ ಇಡಬೇಡ. ಗ್ರೀನಿಗಿಂತ ಇಪ್ಪತ್ತು ಗಜ ಮುಂಚೆ ಒಂದು ಜಾಗ ಆರಿಸು, ಅಲ್ಲಿ ಬೀಳಿಸಿ ಉರುಳಲು ಬಿಡು. ಹತ್ತಿರದ ಹೊಡೆತಕ್ಕೆ ನಿನ್ನ ಪ್ರೀತಿಯ 60 ಡಿಗ್ರಿ ವೆಜ್, ಚೆಂಡನ್ನು ಮೇಲಕ್ಕೆತ್ತಿ ಹಾಕುವ ಆ ಕ್ಲಬ್ಬು, ಹೊರಗೆ ತೆಗೆಯಬೇಡ. ಅಲ್ಲಿ ಹುಲ್ಲು ಎಷ್ಟು ಗಿಡ್ಡ, ನೆಲ ಎಷ್ಟು ಗಟ್ಟಿ ಅಂದರೆ, 12 ಡಿಗ್ರಿ ಬೌನ್ಸ್ (ತಳದ ಉಬ್ಬಿನ ಕೋನ) ಇರುವ ವೆಜ್ ನೆಲಕ್ಕೆ ತಗುಲಿ ಪುಟಿದು ಚೆಂಡಿನ ನಡುಮಧ್ಯಕ್ಕೆ ಹೊಡೆಯುತ್ತದೆ. ಚೆಂಡು ಗ್ರೀನ್ ದಾಟಿ ಕಡಲ ಕಡೆ ಹೊರಡುತ್ತದೆ. ವೆಜ್ ಬೇಕೇಬೇಕಾದರೆ 4ರಿಂದ 8 ಡಿಗ್ರಿ ಬೌನ್ಸಿನದು ಒಯ್ಯಿ. ಇಲ್ಲವಾದರೆ ಎಂಟನೇ ಐರನ್ ತಗೊಂಡು ಪಟ್ ಮಾಡಿದ ಹಾಗೆ, ನೆಲದ ಮೇಲೇ ಉರುಳುವಂತೆ, ತಳ್ಳು. ಗ್ರೀನಿನಿಂದ ಮೂವತ್ತು ಗಜ ಹೊರಗಿದ್ದರೂ ಪಟರ್ ಹಿಡಿ, ಅಲ್ಲಿ ಯಾರೂ ನಗುವುದಿಲ್ಲ. ಗ್ರೀನುಗಳು ನಿಮ್ಮ ಕ್ಲಬ್ಬಿನವಕ್ಕಿಂತ ನಿಧಾನ ಅನ್ನಿಸಬಹುದು. ಅದು ಬೇಕೆಂದೇ ಇಟ್ಟದ್ದು. ತೀರಾ ನುಣುಪು ಮಾಡಿದರೆ ಗಾಳಿಗೆ ನಿಂತ ಚೆಂಡೇ ಹೊರಡುತ್ತದೆ. ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯವಾದ ಓಪನ್ 2015ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ನಡೆದಾಗ ಹೀಗಾಗಿ ಶನಿವಾರ ಹತ್ತು ಗಂಟೆಗೂ ಹೆಚ್ಚು ಹೊತ್ತು ಆಟ ನಿಂತು, ಪಂದ್ಯ ಸೋಮವಾರ ಮುಗಿಯಿತು.

ಬಂಕರಿಗೆ, ಅಂದರೆ ಮರಳುಗುಂಡಿಗೆ, ಬಿದ್ದರೆ ವೀರಾವೇಶ ಬೇಡ. ಬಾವಿಯಂತಿರುತ್ತವೆ, ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ನೆಟ್ಟನೆ ಗೋಡೆ. ಚೆಂಡು ಗೋಡೆಯಿಂದ ಎರಡು ಮೊಳದೊಳಗಿದ್ದರೆ ಮುಂದಕ್ಕೆ ಹೊಡೆಯುವ ಯೋಚನೆಯನ್ನೇ ಬಿಡು. ಪಕ್ಕಕ್ಕೆ ತೆಗಿ, ಹಿಂದಕ್ಕಾದರೂ ತೆಗಿ. ಅದೂ ಆಗದಿದ್ದರೆ 2019ರ ನಿಯಮ ನೆನಪಿಟ್ಟುಕೋ: ಒಂದು ಸ್ಟ್ರೋಕ್ (ಹೊಡೆತ) ಪೆನಾಲ್ಟಿಗೆ ಬಂಕರಿನೊಳಗೇ ಡ್ರಾಪ್ (ಚೆಂಡನ್ನು ಕೈಯಿಂದ ಬೇರೆ ಜಾಗಕ್ಕೆ ಬಿಡುವುದು), ಎರಡು ಸ್ಟ್ರೋಕ್ ಕೊಟ್ಟರೆ ನೇರ ಗೆರೆಯಲ್ಲಿ ಹಿಂದೆ ಸರಿದು ಬಂಕರಿನ ಹೊರಗೆ. ಹಳದಿ ಹೂವಿನ ಗೋರ್ಸ್ ಪೊದೆಗೆ ಹೋದ ಚೆಂಡನ್ನು ಮರೆತುಬಿಡು. ಮುಳ್ಳು ಮಳೆಕೋಟನ್ನೂ ಬಿಡುವುದಿಲ್ಲ.

ಈಗ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್. ಅಲ್ಲಿನ ಗಾಲ್ಫ್ ಸಂಘ 1832ರದು. ಹೋಗುವಾಗ ಪಶ್ಚಿಮಕ್ಕೆ, ಕಡಲು ಬಲಕ್ಕೆ. ಬರುವಾಗ ಪೂರ್ವಕ್ಕೆ, ಕಡಲು ಎಡಕ್ಕೆ. ಗಾಳಿ ಬಹುಪಾಲು ಪಶ್ಚಿಮದಿಂದ, ಹಾಗಾಗಿ ಮೊದಲರ್ಧ ಹೋರಾಟ, ಎರಡನೆಯದರಲ್ಲಿ ಬೆನ್ನಿಗೆ ಗಾಳಿ. ಎರಡನೇ ಹೋಲಿನಲ್ಲಿ (ಹೋಲು ಅಂದರೆ ಶುರುವಿನ ಜಾಗದಿಂದ ಒಂದು ಗುಳಿಯ ತನಕದ ಹಾದಿ) ಬಲಗಡೆ ಪೂರ್ತಿ ಬೀಚು. ಎಷ್ಟು ನೀರನ್ನು ಕತ್ತರಿಸಿ ಹೊಡೆಯಬಲ್ಲೆ ಅಂತ ಅದು ಕೇಳುತ್ತಲೇ ಇರುತ್ತದೆ. ನಿನ್ನ ಚೆಂಡು ಯಾವಾಗಲೂ ಬಲಕ್ಕೆ ವಾಲುವುದರಿಂದ ಎಡಗಡೆ ನೋಡಿ ಹೊಡಿ.

13ನೇ ಹೋಲು, ಹೆಸರು ಪಿಟ್. ಗ್ರೀನಿನ ಮುಂದೆಯೇ ಮೊಣಕಾಲಿನಿಂದ ಸೊಂಟದೆತ್ತರದ ಹಳೇ ಕಲ್ಲಿನ ಗೋಡೆ, ಆಚೆ ಮರಳುದಿಬ್ಬ, ನಡುವಿನ ಇಕ್ಕಟ್ಟಿನಲ್ಲಿ ಗ್ರೀನು. ಇಡೀ ಕೋರ್ಸಿನಲ್ಲಿ ಉರುಳಿಸಿ ಆಡಲಾಗದ ಜಾಗ ಇದು. ಗೋಡೆ ಕೋರ್ಸಿನ ಭಾಗವೇ, ಅದಕ್ಕೆ ಆತುಕೊಂಡ ಚೆಂಡಿಗೆ ಪುಕ್ಕಟೆ ಡ್ರಾಪ್ ಇಲ್ಲ. ಡ್ರೈವನ್ನು ಆದಷ್ಟು ಎಡಕ್ಕೆ ಇಟ್ಟರೆ ಗ್ರೀನಿನ ಉದ್ದ ಸಿಗುತ್ತದೆ.

15ನೆಯದು ರೆಡಾನ್. ಸುಮಾರು 190 ಗಜದ ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲು. ಇದನ್ನು ನಿಧಾನವಾಗಿ ನೋಡು. ಗ್ರೀನು ನಿನ್ನ ಎದುರಿಗೆ ಮುಖ ಮಾಡಿಲ್ಲ. ಮುಂದಿನ ಬಲ ಮೂಲೆ ಎತ್ತರ, ಅಲ್ಲಿಂದ ಹಿಂದಿನ ಎಡ ಮೂಲೆಗೆ ಇಳಿದು ನಿನ್ನಿಂದ ದೂರ ಓಡುತ್ತದೆ. ಮುಂದಿನ ಎಡಕ್ಕೆ ಆಳವಾದ ಬಂಕರು. ಧ್ವಜಕ್ಕೆ ನೇರ ಹೊಡೆದವನು ಒಂದೋ ಬಂಕರಿಗೆ ಬೀಳುತ್ತಾನೆ, ಇಲ್ಲವೇ ಗ್ರೀನಿನಾಚೆ ಹೋಗುತ್ತಾನೆ. ಮಾಡಬೇಕಾದದ್ದು ಧ್ವಜದಿಂದ ಹದಿನೈದು ಗಜ ಬಲಕ್ಕೆ, ಆ ಎತ್ತರದ ಭುಜದ ಮೇಲೆ ತಗ್ಗು ಚೆಂಡೊಂದನ್ನು ಬೀಳಿಸುವುದು. ಬಿದ್ದು ಒಂದು ಕ್ಷಣ ತಡವರಿಸುತ್ತದೆ. ಆಮೇಲೆ ಎಡಕ್ಕೆ ಹೊರಳಿ, ಬಂಕರಿನ ಬೆನ್ನು ಬಳಸಿ, ಧ್ವಜದ ಕಡೆ ತಾನಾಗಿ ನಡೆಯುತ್ತದೆ. ಆ ಕೆಲವು ಸೆಕೆಂಡು ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ಸುಖ ಗಾಲ್ಫಿನಲ್ಲಿ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇದೇ ಹೋಲನ್ನು ಲೋಕದ ತುಂಬ ನಕಲು ಮಾಡಿದ್ದಾರೆ. ಅಮೆರಿಕದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲು ಅವುಗಳಲ್ಲಿ ಪ್ರಸಿದ್ಧ. 16ನೆಯ ಗ್ರೀನು ಎರಡು ದಿಣ್ಣೆ, ನಡುವೆ ಮೊಣಕಾಲು ಮುಳುಗುವಷ್ಟು ಹಳ್ಳ. ಧ್ವಜ ಯಾವ ದಿಣ್ಣೆಯಲ್ಲಿದೆ ಅಂತ ತಿಳಿದುಕೊಂಡೇ ಎರಡನೇ ಹೊಡೆತ ಹೊಡಿ.

ನೋಟದ ಬಗ್ಗೆಯೂ ಹೇಳಲೇಬೇಕು, ಇಲ್ಲದಿದ್ದರೆ ಕೋಪಿಸಿಕೊಳ್ಳುತ್ತೀಯ. ಕೊಲ್ಲಿಯಾಚೆ ಬಾಸ್ ರಾಕ್ ಎಂಬ ಒಂಟಿ ಬಂಡೆಯಿದೆ. ಬೇಸಿಗೆಯಲ್ಲಿ ಅದು ಬೆಳ್ಳಗಿರುತ್ತದೆ. ಸುಣ್ಣ ಬಳಿದದ್ದಲ್ಲ, ಗೂಡು ಕಟ್ಟಿದ ಗ್ಯಾನೆಟ್ ಹಕ್ಕಿಗಳು, ಅವುಗಳ ಹಿಕ್ಕೆ. 2022ರ ಹಕ್ಕಿಜ್ವರದಲ್ಲಿ ಅವು ರಾಶಿರಾಶಿ ಸತ್ತವು. ಬಿಳುಪು ಈಗ ಮೊದಲಿನಷ್ಟು ದಟ್ಟವಿಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ.

ಇತ್ತೀಚೆಗೆ ಒಂದು ಅಳುಕು ಹಿಡಿದಿದೆ ರಘು. ಈ ನೆಲ ನಿಂತ ನೆಲವಲ್ಲ. ಕಡಲು ಕೊಟ್ಟದ್ದು, ಕಡಲು ವಾಪಸ್ ತಗೊಳ್ಳುತ್ತಿದೆ. ಸ್ಕಾಟ್ಲೆಂಡಿನದೇ ಮಾಂಟ್ರೋಸ್‌ನಲ್ಲಿ 1562ರಿಂದ ಗಾಲ್ಫ್ ಆಡಿದ ದಾಖಲೆಯಿದೆ. ಅಲ್ಲಿ ಮೂವತ್ತು ವರ್ಷಗಳಲ್ಲಿ ಕಡಲು ಸುಮಾರು 70 ಮೀಟರ್ ಒಳಗೆ ಬಂದಿದೆ. ಬಂಡೆ ಸುರಿದು ತಡೆಯಬಹುದು. ಆದರೆ ಬಂಡೆ ಸುರಿದ ಕಡೆ ಅಲೆ ತಿರುಗಿ ಪಕ್ಕದ ದಂಡೆಯನ್ನು ಕೊರೆಯುತ್ತದೆ, ಆ ದಂಡೆಗೆ ಬರಬೇಕಾದ ಮರಳೂ ನಿಲ್ಲುತ್ತದೆ. ಕಡಲ್ಕೊರೆತ ಅಂದರೇನು ಅಂತ ಉಳ್ಳಾಲದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಬರ್ಡೀನಿನ ಉತ್ತರಕ್ಕೆ ಫೊವೆರನ್ ಲಿಂಕ್ಸ್ ಅಂತ ಒಂದು ಮರಳುದಿಬ್ಬಗಳ ಸಾಲು. ಗಾಳಿಗೆ ಜಾಗ ಬದಲಿಸುತ್ತ ಚಲಿಸುವುದೇ ಅದರ ವಿಶೇಷ, ಅದಕ್ಕೇ ಸಂರಕ್ಷಿತ ಜಾಗ ಎನ್ನುವ ಮಾನ್ಯತೆ. ಅಲ್ಲಿ ಹುಲ್ಲು ನೆಟ್ಟು ಮರಳನ್ನು ಕಟ್ಟಿಹಾಕಿ 2012ರಲ್ಲಿ ಹೊಸ ಕೋರ್ಸು ತೆರೆದರು. 2020ರಲ್ಲಿ ಆ ಭಾಗದ ಮಾನ್ಯತೆ ಹೋಯಿತು. ಕಾಯಲು ಅಲ್ಲೇನೂ ಉಳಿದಿರಲಿಲ್ಲ. ಕಡಲು ಕಾಣುವ ಕೋರ್ಸು ಬೇಕು ಅನ್ನುವ ನಮ್ಮ ಆಸೆಗೇ ಅದನ್ನು ಕಟ್ಟಿದ್ದು. ನಿನ್ನ ಆಸೆ, ನನ್ನ ಆಸೆ.

ಉಳ್ಳಾಲದಲ್ಲಿ ಮನೆ ಕಳಕೊಂಡವರಿದ್ದಾರೆ. ಅವರೆದುರು ಒಂದು ಟೀ (ಹೋಲು ಶುರುವಾಗುವ ಜಾಗ) ಕೊಚ್ಚಿಹೋಯಿತು ಅಂತ ಮರುಗುವುದು ಎಷ್ಟರ ಮಾತು? ಗೊತ್ತಿದ್ದೂ ಮರುಗುತ್ತೇನೆ. ನಿನ್ನನ್ನು ಈ ವರ್ಷವೇ ಹೋಗು ಅಂತ ಅವಸರ ಮಾಡುತ್ತಿರುವುದೂ ಈ ಭಯದಿಂದಲೇ. ಆ ವಿಮಾನದ ಹೊಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ ಅಂತ ಗೊತ್ತಿದೆ, ಆದರೂ ಹೋಗು ಅನ್ನುತ್ತಿದ್ದೇನೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಷ್ಟನ್ನು ಎಲ್ಲರ ಮುಂದೆ ಬರೆಯುವ ಉದ್ದೇಶವೂ ಇರಲಿಲ್ಲ.

ಇರಲಿ, ಬ್ಯಾಗಿನ ವಿಷಯಕ್ಕೆ ಬರೋಣ. ಕೊಡೆ ಬೇಡ, ಗಾಳಿಗೆ ಮುರಿಯುತ್ತದೆ. ಮಳೆಗವಸು ಎರಡೂ ಕೈಗೆ ಒಂದೊಂದು, ಉಣ್ಣೆ ಟೊಪ್ಪಿ, ಎರಡು ಟವೆಲ್, ಎರಡು ಜೊತೆ ಕಾಲುಚೀಲ. ಬ್ಯಾಟರಿ ಗಾಡಿಯ ಆಸೆ ಇಟ್ಟುಕೊಳ್ಳಬೇಡ, ಅಲ್ಲಿ ನಡೆಯುವುದೇ ರೂಢಿ. ನಿನ್ನ ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟು ಕೈಯಲ್ಲಿರಲಿ. ಜೂನಿನಲ್ಲಿ ಹೋದರೆ ರಾತ್ರಿ ಹತ್ತರ ತನಕ ಬೆಳಕು, ಸಂಜೆ ಐದಕ್ಕೆ ಶುರುಮಾಡಿದರೂ 18 ಹೋಲ್ ಮುಗಿಯುತ್ತದೆ. ಸ್ಕೋರ್ ಬರೆಯಬೇಡ, ಯಾರು ಹೆಚ್ಚು ಹೋಲು ಗೆದ್ದರು ಅಂತ ಮಾತ್ರ ನೋಡುವ ಮ್ಯಾಚ್ ಪ್ಲೇ ಆಡಿ. ಒಂದು ಬಂಕರಿನಲ್ಲಿ ಒಂಬತ್ತಾದರೂ ಹೋಗುವುದು ಒಂದೇ ಹೋಲು. ಸ್ಕಾಟ್ಲೆಂಡಿನಲ್ಲಿ ಜನರಿಗೆ ಕೋರ್ಸಿನ ಮೇಲೆ ಅಡ್ಡ ನಡೆದುಹೋಗುವ ಹಕ್ಕಿದೆ, ಗ್ರೀನಿನ ಮೇಲೆ ಬಿಟ್ಟು. ನಾಯಿ ಹಿಡಿದ ಅಜ್ಜಿ ಬಂದರೆ ನಿಲ್ಲು, ಅವರು ದಾಟಲಿ.

ಕೊನೆಯ ಮಾತು ನಿನ್ನ ಜೊತೆ ಆಡುವ ಭಾವನ ಬಗ್ಗೆ. 18ನೇ ಹೋಲು ಬರೀ 280 ಗಜದೊಳಗಿನದು, ಬೆನ್ನಿಗೆ ಗಾಳಿ ಬೇರೆ. ಒಂದೇ ಹೊಡೆತಕ್ಕೆ ಗ್ರೀನು ಮುಟ್ಟುತ್ತೇನೆ ಅಂತ ಕುಣಿಯುತ್ತಾರೆ. ಬಲಗಡೆ ಉದ್ದಕ್ಕೂ ಕಾರು ನಿಲ್ಲಿಸಿರುತ್ತಾರೆ. ಆರನೇ ಐರನ್ ಕೊಡು. ಡ್ರೈವರ್ ಕ್ಲಬ್ಬನ್ನು 17ರಲ್ಲೇ ಬ್ಯಾಗಿನ ತಳಕ್ಕೆ ಹಾಕು, ಕೇಳಿದರೆ ನನ್ನ ಹೆಸರು ಹೇಳು.

ನಿನ್ನ,
ಸೀನು