ಕಣ್ಣು ಮುಚ್ಚಿಕೊಂಡು ಎರಡು ಡಿಗ್ರಿ

ಮಾನ್ಯ ಸಂಪಾದಕರೇ,

ಕಾರು ತಯಾರಿಸುವ ಕಂಪನಿಯೊಂದರ ಸಿಇಒ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಅದರ ಕೊನೆಯಲ್ಲಿ, ಟಚ್‌ಸ್ಕ್ರೀನ್ ಬಂದರೂ ಕಾರಿನ ಹಳೆಯ ಗುಂಡಿಗಳ ಮೋಹ ಬಿಡದ ಹಿರಿಯ ಮಹಿಳೆಯೊಬ್ಬರ ಪ್ರಶ್ನೆ ಸಭೆಯನ್ನು ನಗೆಗಡಲಲ್ಲಿ ತೇಲಿಸಿತು ಎಂಬ ಸಾಲಿದೆ. ಆ ಹಿರಿಯ ಮಹಿಳೆ ನಾನೇ. ಸಭೆ ನಕ್ಕಿದ್ದು ನಿಜ. ನಾನು ಕೇಳಿದ್ದೇನು, ಅವರು ಹೇಳಿದ್ದೇನು ಎಂಬುದು ಮಾತ್ರ ವರದಿಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ತುಂಬಿಸಲು ಈ ಪತ್ರ.

ನಾನು ಮೂವತ್ತನಾಲ್ಕು ವರ್ಷ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕಾರಿನ ಹುಚ್ಚು ಅದಕ್ಕಿಂತ ಹಳೆಯದು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಮತ್ತೆ ಜೋಡಿಸಿದ್ದೇನೆ. ಒಮ್ಮೆ ಜೋಡಿಸಿದ ಮೇಲೆ ಒಂದು ಸ್ಕ್ರೂ ಕೈಯಲ್ಲೇ ಉಳಿದಿತ್ತು, ಕಾರು ಆದರೂ ಓಡಿತು. ಈಗಿನ ನನ್ನ ಕಾರಿಗೆ ಹತ್ತೊಂಬತ್ತು ವರ್ಷ. ಅದರ ನಡುವೆ ಮೂರು ದುಂಡು ಗುಂಡಿಗಳಿವೆ: ಎಡಗಡೆಯದು ಬಿಸಿ-ತಂಪಿಗೆ, ನಡುವಿನದು ಫ್ಯಾನಿಗೆ, ಬಲಗಡೆಯದು ಗಾಳಿ ಯಾವ ಕಡೆ ಬೀಸಬೇಕು ಎನ್ನುವುದಕ್ಕೆ. ಅವುಗಳನ್ನು ನಾನು ನೋಡಿ ಎಷ್ಟು ವರ್ಷವಾಯಿತೋ ತಿಳಿಯದು. ಕೈಗೆ ಗೊತ್ತಿದೆ.

ಕಳೆದ ಮಳೆಗಾಲದಲ್ಲಿ ತಮ್ಮನ ಹೊಸ ಕಾರನ್ನು ರಾತ್ರಿ ಓಡಿಸುವ ಸಂದರ್ಭ ಬಂತು. ಒಳಗೆ ನಾಲ್ಕು ಜನ, ಹೊರಗೆ ಜಡಿಮಳೆ. ನಾಲ್ವರ ಉಸಿರಿನ ತೇವ ತಣ್ಣನೆಯ ಮುಂಗಾಜಿಗೆ ಕೂತು ಎರಡೇ ನಿಮಿಷದಲ್ಲಿ ಗಾಜು ಮಂಜಾಯಿತು. ಇದಕ್ಕೆ ಮದ್ದು ಸುಲಭ. ಎ.ಸಿ. ಹಾಕಬೇಕು, ಅದರೊಳಗಿನ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವೆಲ್ಲ ನೀರಾಗಿ ಇಳಿದುಹೋಗುತ್ತದೆ. ಹಾಗೆ ಒಣಗಿದ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿ ಗಾಜಿನ ಕಡೆಗೆ ತಿರುಗಿಸಿದರೆ ಮಂಜು ಹೋಗುತ್ತದೆ. ಎ.ಸಿ. ಎಂದರೆ ತಂಪು ಮಾತ್ರ ಎಂದುಕೊಂಡವರು ಮಳೆಯಲ್ಲಿ ಅದನ್ನು ಆರಿಸಿ, ಬಟ್ಟೆಯಲ್ಲಿ ಗಾಜು ಒರೆಸುತ್ತಾ ಕೂರುತ್ತಾರೆ. ನನಗೆ ಮದ್ದು ಗೊತ್ತಿತ್ತು, ಅದನ್ನು ಕೊಡುವ ಗುಂಡಿ ಆ ಕಾರಿನಲ್ಲಿರಲಿಲ್ಲ. ಎಲ್ಲವೂ ಟಚ್‌ಸ್ಕ್ರೀನ್ ಪರದೆಯಲ್ಲಿ. ಅಲ್ಲಿ ಮೊದಲು ಹಾಡು ಮುಚ್ಚಬೇಕು, ಆಮೇಲೆ ಫ್ಯಾನಿನ ಚಿತ್ರ ಒತ್ತಬೇಕು, ಆಮೇಲೆ ತೆರೆದುಕೊಳ್ಳುವ ಪುಟದಲ್ಲಿ ಗಾಜಿನ ಚಿತ್ರ ಹುಡುಕಬೇಕು.

ನನ್ನ ವಯಸ್ಸಿನವರಿಗೆ ಇನ್ನೊಂದು ತೊಡಕಿದೆ, ಯುವ ವಿನ್ಯಾಸಕಾರರಿಗೆ ಅದು ಹೊಳೆಯುವುದೇ ಇಲ್ಲ. ದೂರದ ಕನ್ನಡಕ ಹಾಕಿಕೊಂಡರೆ ರಸ್ತೆ ಸ್ಪಷ್ಟ, ಪರದೆ ಮಸುಕು. ಓದುವ ಕನ್ನಡಕ ಹಾಕಿಕೊಂಡು ಯಾರೂ ಕಾರು ಓಡಿಸುವುದಿಲ್ಲ. ನಲವತ್ತೈದು ದಾಟಿದ ಕಣ್ಣಿನ ಮಸೂರ ಮೊದಲಿನಂತೆ ಬಾಗುವುದಿಲ್ಲ. ಒಂದು ತೋಳಿನಷ್ಟು ದೂರದಲ್ಲಿರುವ ಸಣ್ಣ ಚಿತ್ರಕ್ಕೆ ಅದನ್ನು ಹೊಂದಿಸುವುದರೊಳಗೆ ಒಂದೆರಡು ಸೆಕೆಂಡು ಕಳೆದಿರುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡೆಂದರೆ ನಲವತ್ತನಾಲ್ಕು ಮೀಟರ್. ಆ ರಾತ್ರಿ ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ.

ಹಾಗಾಗಿ, ಅದೇ ಕಾಲೇಜಿನಲ್ಲಿ ಓದುವ ನನ್ನ ಮಗಳು ಸಿಇಒ ಬರುತ್ತಿದ್ದಾರೆ ಎಂದಾಗ ನಾನೂ ಬರುತ್ತೇನೆಂದು ಹಟ ಹಿಡಿದೆ. ಭಾಷಣ ಸುಮಾರು ಐವತ್ತು ನಿಮಿಷ. ತಂತ್ರಾಂಶ ಎಂಬ ಮಾತನ್ನು ಎಣಿಸಲು ಶುರು ಮಾಡಿ ಮೂವತ್ತಕ್ಕೆ ಬಿಟ್ಟುಬಿಟ್ಟೆ. ವಿದ್ಯಾರ್ಥಿಗಳ ಪ್ರಶ್ನೆಗಳೆಲ್ಲ ಉದ್ಯೋಗದ ಸುತ್ತ, ಚಾಲಕನಿಲ್ಲದ ಕಾರಿನ ಸುತ್ತ. ಮೈಕು ನನ್ನ ಕೈಗೆ ಬಂದಾಗ ಮಗಳು ಕುರ್ಚಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಕೆಳಗೆ ಜಾರಿದಳು.

ನಾನು ಕೇಳಿದ್ದು ಇಷ್ಟು: "ತಮ್ಮ ಕಂಪನಿಯ ಹೊಸ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಎರಡು ಡಿಗ್ರಿ ತಾಪಮಾನ ಇಳಿಸಲು ತಮಗೆ ಸಾಧ್ಯವೇ?"

ನಗು ಬಂದದ್ದು ಇಲ್ಲಿ ಅಲ್ಲ, ಅವರ ಉತ್ತರಕ್ಕೆ. "ಮೇಡಂ, ನಾನು ಹೆಚ್ಚಾಗಿ ಹಿಂದಿನ ಸೀಟಿನಲ್ಲಿ ಕೂರುತ್ತೇನೆ" ಎಂದರು. ಸಭೆ ನಕ್ಕಿತು, ಅವರೂ ನಕ್ಕರು. ತಮ್ಮ ವರದಿ ಅಲ್ಲಿಗೆ ನಿಂತಿದೆ, ಅವರು ನಿಲ್ಲಲಿಲ್ಲ. ನಗು ಮುಗಿದ ಮೇಲೆ ಆಡಿದ ಮಾತು ಆ ಐವತ್ತು ನಿಮಿಷಕ್ಕಿಂತ ಬೆಲೆಯುಳ್ಳದ್ದು. ಒಂದೊಂದು ಗುಂಡಿಗೂ ಪ್ರತ್ಯೇಕ ಅಚ್ಚು ಬೇಕು, ತಂತಿ ಬೇಕು, ಸಾವಿರಾರು ಬಾರಿ ಒತ್ತಿ ಪರೀಕ್ಷಿಸಬೇಕು. ಪರದೆಯಾದರೆ ಒಂದೇ ಭಾಗವನ್ನು ನಾಲ್ಕಾರು ಮಾದರಿಗಳಿಗೆ ಕೂರಿಸಬಹುದು, ಕಾರು ಮಾರಿದ ಮೇಲೂ ಬದಲಾಯಿಸುತ್ತಾ ಹೋಗಬಹುದು ಎಂದರು. ಕೊನೆಗೆ, "ಶೋರೂಮಿನಲ್ಲಿ ಜನ ಮೊದಲು ಕೈ ಹಾಕುವುದೇ ಪರದೆಗೆ" ಎಂದೂ ಸೇರಿಸಿದರು. ನುಣುಚಿಕೊಳ್ಳುವ ಉತ್ತರವಾಗಿರಲಿಲ್ಲ, ಅದಕ್ಕೆ ಅವರನ್ನು ಮೆಚ್ಚಿದೆ. ಆದರೆ ಶೋರೂಮಿನಲ್ಲಿ ಕಾರು ನಿಂತಿರುತ್ತದೆ. ನಿಂತ ಕಾರಿನಲ್ಲಿ ಯಾವ ಪರದೆಯೂ ಚೆನ್ನಾಗಿಯೇ ಇರುತ್ತದೆ.

ಸಭೆ ಮುಗಿದ ಮೇಲೆ ಪೋರ್ಟಿಕೋದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅವರದೇ ಕಾರಿನ ಬಳಿ ನಾನಿದ್ದೆ. ಅವರು ತಾವಾಗಿ ಬಂದರು. "ಹಾಗಿದ್ದರೆ ಪರೀಕ್ಷೆ ಈಗಲೇ ಆಗಲಿ" ಎನ್ನುತ್ತಾ ಚಾಲಕನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಬೆರಳು ಪರದೆಯ ಮೇಲೆ ಮೂರು ಕಡೆ ಓಡಾಡಿತು. ತಾಪಮಾನ ಇಳಿಯಲಿಲ್ಲ, ಹಿಂದಿನ ಸ್ಪೀಕರಿನಲ್ಲಿ ಹಾಡು ಜೋರಾಯಿತು. ಪಕ್ಕದಲ್ಲಿದ್ದ ತರುಣ ಎಂಜಿನಿಯರ್ ಏನನ್ನೋ ಬರೆದುಕೊಂಡ. ಹಾಡಿನ ಹೆಸರನ್ನಂತೂ ಇರಲಿಕ್ಕಿಲ್ಲ.

ನಾನು ಪರದೆಯ ವಿರೋಧಿಯಲ್ಲ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾದಲ್ಲಿ ಮಗುವೊಂದು ಕಾಣುವುದಾದರೆ ಆ ಪರದೆಗೆ ಕೈ ಮುಗಿಯುತ್ತೇನೆ. ದಾರಿಯ ನಕ್ಷೆಗೂ ಅದೇ ಸರಿ. ಆದರೆ ಇದು ಹಳಬರ ಹಳಹಳಿಕೆ ಎನ್ನುವವರು ಸ್ವೀಡನ್ನಿನ ಕಾರು ಪತ್ರಿಕೆ 'ವಿ ಬಿಲೆಗಾರೆ' 2022ರಲ್ಲಿ ಮಾಡಿದ ಪರೀಕ್ಷೆಯನ್ನು ನೋಡಬೇಕು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡುವಾಗ ರೇಡಿಯೊ, ತಾಪಮಾನ ಮುಂತಾದ ಒಂದಿಷ್ಟು ಕೆಲಸಗಳನ್ನು ಚಾಲಕನಿಂದ ಮಾಡಿಸಿ ಅವರು ಗಡಿಯಾರ ಹಿಡಿದರು. ಗುಂಡಿಗಳಿದ್ದ 2005ರ ವೋಲ್ವೊ ವಿ70ರಲ್ಲಿ ಎಲ್ಲವೂ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಅಷ್ಟರಲ್ಲಿ ಕಾರು ಸಾಗಿದ್ದು 306 ಮೀಟರ್. ತೀರಾ ಹಿಂದುಳಿದ ಹೊಸ ಕಾರಿಗೆ ಸುಮಾರು 45 ಸೆಕೆಂಡು ಬೇಕಾಯಿತು. ಚಾಲಕರಿಗೆ ಮೊದಲೇ ಅಭ್ಯಾಸ ಮಾಡಿಕೊಳ್ಳಲು ಸಮಯವನ್ನೂ ಕೊಟ್ಟಿದ್ದರು.

ಇದು ಹೊಸ ಪಾಠವೂ ಅಲ್ಲ. ಬ್ಯೂಕ್ ಕಂಪನಿ 1986ರಲ್ಲೇ ತನ್ನ ರಿವಿಯೆರಾ ಕಾರಿಗೆ, ಹಳೆಯ ಟಿ.ವಿ.ಯಂಥ ಗಾಜಿನ ನಳಿಕೆಯ ಟಚ್‌ಸ್ಕ್ರೀನ್ ಇಟ್ಟಿತ್ತು. ಕೆಲವೇ ವರ್ಷಗಳಲ್ಲಿ ತೆಗೆದುಹಾಕಿತು. ಮಜ್ದಾ 2019ರ ಮಜ್ದಾ 3 ಕಾರಿನಲ್ಲಿ ಟಚ್ ಬಿಟ್ಟು ಕೈಗೆ ಸಿಗುವ ತಿರುಗುಗುಂಡಿಯನ್ನೇ ಉಳಿಸಿಕೊಂಡಿತು. ಯೂರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ನಿಜವಾದ ಗುಂಡಿ ಅಥವಾ ಸ್ಟೀರಿಂಗ್ ಪಕ್ಕದ ಕಡ್ಡಿಗಳಿಲ್ಲದಿದ್ದರೆ ಅಂಕ ಕಡಿಮೆ ಮಾಡುತ್ತಿದೆ. ಮಂಜು ಹಿಡಿದ ಗಾಜು ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು.

ಹಿಂದಿನ ಸೀಟಿನ ಮಾತಿಗೆ ಮರಳುತ್ತೇನೆ, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮುಂದೆ ಟೊಯೊಟಾದ ಅಧ್ಯಕ್ಷರಾದ ಅಕಿಯೊ ಟೊಯೊಡಾ, ಹಿರಿಯ ಪರೀಕ್ಷಾ ಚಾಲಕ ಹಿರೊಮು ನರುಸೆ ಅವರ ಕೈಕೆಳಗೆ ಕಾರು ಓಡಿಸುವುದನ್ನು ಕಲಿತವರು; 2007ರಲ್ಲಿ 'ಮೊರಿಜೊ' ಎಂಬ ಹೆಸರಿನಲ್ಲಿ ಜರ್ಮನಿಯ ರೇಸ್ ಟ್ರ್ಯಾಕ್ ನೂರ್ಬುರ್ಗ್‌ರಿಂಗ್‌ನ 24 ಗಂಟೆಗಳ ಓಟಕ್ಕೇ ಇಳಿದರು. ಎಲ್ಲ ಸಿಇಒಗಳೂ ರೇಸಿಗೆ ಇಳಿಯಲಿ ಎಂದು ನಾನು ಹೇಳುವುದಿಲ್ಲ. ಮಳೆ ಸುರಿಯುವ ಒಂದು ರಾತ್ರಿ, ನಾಲ್ಕು ಜನರನ್ನು ಕೂರಿಸಿಕೊಂಡು ಮನೆಗೆ ತಾವೇ ಓಡಿಸಿಕೊಂಡು ಹೋದರೆ ಸಾಕು.

ತಮ್ಮಲ್ಲಿಯೂ ಒಂದು ಬೇಡಿಕೆ. ತಮ್ಮ ವಾಹನ ಪುಟದ ವಿಮರ್ಶೆಗಳಲ್ಲಿ ಪರದೆ ಎಷ್ಟು ಇಂಚಿನದು ಎಂದು ತಪ್ಪದೇ ಇರುತ್ತದೆ. ಅದರ ಪಕ್ಕದಲ್ಲಿ, ಮುಂಗಾಜಿನ ಮಂಜು ತೆಗೆಯಲು ಎಷ್ಟು ಸಲ ಒತ್ತಬೇಕು, ಎಷ್ಟು ಸೆಕೆಂಡು ಬೇಕು ಎಂಬುದನ್ನೂ ಅಚ್ಚು ಹಾಕಿ. ಖಾಲಿ ಮೈದಾನದಲ್ಲಿ, ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ಅಳೆಯಬಹುದು. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಸ್ಟಾಪ್‌ವಾಚ್ ನನ್ನಲ್ಲಿದೆ. ಬೇಕಾದರೆ ಅದನ್ನು ಹಿಡಿದುಕೊಂಡು ನಾನೇ ಬಂದು ಕೂರುತ್ತೇನೆ.

ಇತಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ